ಕಡಂಗದ ಪಕ್ಕದಲ್ಲಿ ಮೋರ್ಚಾ ತೋಡುವ ಮುನ್ನ

ಪ್ರಶ್ನೆ: ನಾನು ಸೇನೆಯಲ್ಲಿ 28 ವರ್ಷ ಇದ್ದು ಸುಬೇದಾರನಾಗಿ ನಿವೃತ್ತನಾದವನು. ಈಗ ವಿರಾಜಪೇಟೆ ಕಡೆಯ ನಮ್ಮ ಊರಿನಲ್ಲಿ ತೋಟ ನೋಡಿಕೊಂಡಿದ್ದೇನೆ. ಊರಂಚಿನ ಪೈಸಾರಿ (ಸರ್ಕಾರಿ ಪಾಳು) ಜಾಗದಲ್ಲಿ ಕೆಲವು ವರ್ಷಗಳಿಂದ ಸಮವಸ್ತ್ರದ ಹುಡುಗರಿಗೆ ತರಬೇತಿ ಶಿಬಿರ ನಡೆಯುತ್ತಿದೆ. ಈ ಸಲ ಮೋರ್ಚಾ, ಅಂದರೆ ಸೈನಿಕರು ಮರೆಯಾಗಿ ಕೂರುವ ಗುಂಡಿ, ತೋಡುವಾಗ ಎರಡಡಿ ಆಳದಲ್ಲಿ ದೊಡ್ಡದೊಂದು ಚಪ್ಪಡಿ ಕಲ್ಲು, ಅದರ ಬದಿಯಲ್ಲಿ ಕಪ್ಪು-ಕೆಂಪು ಮಡಕೆ ಚೂರುಗಳು ಕಂಡವು. ಪಕ್ಕದಲ್ಲೇ ಹಳೆಯ ಕಡಂಗವೂ (ಹಿಂದಿನ ಕಾಲದ ಕಂದಕ) ಹಾದುಹೋಗುತ್ತದೆ. ಶಿಬಿರ ನಡೆಸುವವರು ಹೇಳಿದರೆ ಕೇಳುವವರೇ. ಆದರೆ ಏನು ಹೇಳಬೇಕೆಂದು ನನಗೆ ತಿಳಿಯುತ್ತಿಲ್ಲ. ತರಬೇತಿಯನ್ನೇ ನಿಲ್ಲಿಸಬೇಕೇ? ಕಾನೂನು ಏನನ್ನುತ್ತದೆ? ಬೇರೆ ದೇಶಗಳ ಸೇನೆಗಳು ಇಂಥದ್ದನ್ನು ಹೇಗೆ ನಿಭಾಯಿಸುತ್ತವೆ?

ಉತ್ತರ: ಸುಬೇದಾರ್ ಸಾಹೇಬರೇ, ಕಾನೂನು, ಹೊರದೇಶ ಎಲ್ಲ ಆಮೇಲೆ. ಮೊದಲು ಆ ಮೋರ್ಚಾ. ನಿಮ್ಮ ಪತ್ರ ನನಗೆ ತಲುಪಿ ಈ ಉತ್ತರ ನಿಮ್ಮನ್ನು ಮುಟ್ಟುವಷ್ಟರಲ್ಲಿ ಯಾರೂ ಆ ಚಪ್ಪಡಿಯನ್ನು ಹಾರೆ ಹಾಕಿ ಮೀಟದಿದ್ದರೆ ಸಾಕು ಎಂದು ಆಶಿಸುತ್ತಲೇ ಬರೆಯುತ್ತಿದ್ದೇನೆ. ಇನ್ನು ಅಲ್ಲಿ ಒಂದು ಗುದ್ದಲಿ ಮಣ್ಣನ್ನೂ ತೆಗೆಯಬಾರದು. ಚಪ್ಪಡಿಯನ್ನು ಅಲುಗಿಸಬಾರದು. ಕಂಡಷ್ಟು ಭಾಗದ ಅಳತೆ, ಚಿತ್ರ ತೆಗೆದುಕೊಂಡು, ಅದರ ಮೇಲೆ ನಾಲ್ಕು ಬೆರಳು ದಪ್ಪ ಹೊಳೆಮರಳು ಹರಡಿ, ಅದರ ಮೇಲೆ ತೆಗೆದ ಮಣ್ಣನ್ನೇ ಕೈಯಿಂದ ತುಂಬಿಸಿ. ಮರಳು ಏಕೆಂದರೆ, ಮುಂದೊಂದು ದಿನ ತಿಳಿದವರು ಬಂದು ಅಗೆದಾಗ ‘ಇಲ್ಲಿಯವರೆಗೆ ಈಗಿನವರು ಕೈಯಿಟ್ಟಿದ್ದಾರೆ, ಇದರ ಕೆಳಗೆ ಹಳೆಯದು’ ಎಂದು ಅದೇ ಹೇಳುತ್ತದೆ. ಬಾಯಿ ತೆರೆದ ಗುಂಡಿಯನ್ನು ಮಳೆಗೆ ಬಿಟ್ಟರೆ ನಮ್ಮ ಜೂನ್ ತಿಂಗಳು ಅದನ್ನು ಹೇಗೆ ಮಾಡುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಗೋಡೆ ಕುಸಿಯುತ್ತದೆ, ಒಳಗಿನದೆಲ್ಲ ಕೆಸರಾಗುತ್ತದೆ.

ಈಗಾಗಲೇ ಹೊರಗೆ ಬಂದ ಚೂರುಗಳನ್ನು ತೊಳೆಯಬೇಡಿ. ಬಟ್ಟೆಯ ಚೀಲದಲ್ಲಿ ಹಾಕಿ, ಒಳಗೆ ಪೆನ್ಸಿಲಿನಲ್ಲಿ ಬರೆದ ಚೀಟಿ ಇಡಿ: ಯಾವ ಗುಂಡಿ, ಎಷ್ಟು ಆಳ, ಚಪ್ಪಡಿಯ ಯಾವ ದಿಕ್ಕು, ಯಾವ ತಾರೀಖು. ಪೆನ್ನಿನ ಶಾಯಿ ನಮ್ಮ ತೇವಕ್ಕೆ ಒಂದೇ ಮಳೆಗಾಲದಲ್ಲಿ ಹರಡಿ ಹೋಗುತ್ತದೆ, ಪೆನ್ಸಿಲು ಉಳಿಯುತ್ತದೆ.

ನಿಮಗೆ ಸಿಕ್ಕಿರುವುದು ಏನು? ಕಣ್ಣಾರೆ ನೋಡದೆ ಖಚಿತವಾಗಿ ಹೇಳುವುದು ಪುರಾತತ್ತ್ವದ ನನ್ನ ಕಸುಬಿಗೆ ಸಲ್ಲದು. ಆದರೂ ವಿರಾಜಪೇಟೆ ಸೀಮೆ, ಎರಡಡಿ ಆಳದ ಚಪ್ಪಡಿ, ಕಪ್ಪು-ಕೆಂಪು ಮಡಕೆ, ಈ ಮೂರೂ ಕೂಡಿದರೆ ಅದು ಪಾಂಡುಪಾರೆ ಆಗಿರುವ ಸಂಭವವೇ ಹೆಚ್ಚು. ಕನ್ನಡದಲ್ಲಿ ಪಾಂಡವರ ಮನೆ ಎನ್ನುತ್ತೇವೆ, ಬಯಲುಸೀಮೆಯಲ್ಲಿ ಮೋರಿಯರ ಮನೆ ಎಂಬ ಹೆಸರೂ ಇದೆ. ಪಾಂಡವರಿಗೂ ಅದಕ್ಕೂ ಸಂಬಂಧವಿಲ್ಲ. ಅದು ಕಬ್ಬಿಣಯುಗದ ಜನ ತಮ್ಮ ಸತ್ತವರಿಗೆ ಕಟ್ಟಿದ ಕಲ್ಲಿನ ಕೋಣೆ. ಸುಮಾರಾಗಿ ಕ್ರಿಸ್ತಪೂರ್ವ ಒಂದು ಸಾವಿರದ ಆಸುಪಾಸಿನಿಂದ ಕ್ರಿಸ್ತಶಕದ ಮೊದಲ ಶತಮಾನಗಳವರೆಗೂ ದಕ್ಷಿಣ ಭಾರತದ ಉದ್ದಗಲಕ್ಕೆ ಈ ರೂಢಿ ಇತ್ತು. ನಾಲ್ಕು ಚಪ್ಪಡಿಗಳನ್ನು ನೆಟ್ಟಗೆ ನಿಲ್ಲಿಸಿ, ಒಂದರಲ್ಲಿ ದುಂಡನೆಯ ಕಿಂಡಿ ಕೊರೆದು, ಮೇಲೆ ಮುಚ್ಚಳದ ಬಂಡೆ ಹೊದಿಸಿ, ಒಳಗೆ ಮೂಳೆ, ಮಡಕೆ, ಕಬ್ಬಿಣದ ಆಯುಧ, ಮಣಿ ಇಡುತ್ತಿದ್ದರು. ಕೊಡಗಿನಲ್ಲಿ ಇವುಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲೇ ಬ್ರಿಟಿಷ್ ಅಧಿಕಾರಿಗಳು ವಿರಾಜಪೇಟೆ ಬಳಿಯೂ ಆಗಿನ ಫ್ರೇಜರ್‌ಪೇಟೆ, ಅಂದರೆ ಈಗಿನ ಕುಶಾಲನಗರದ ಬಳಿಯೂ ಗುರುತಿಸಿ ಬರೆದಿಟ್ಟರು. ಹಾಗೆ ಬರೆದವರಲ್ಲಿ ಸೇನೆಯ ದರ್ಜೆಯವರೂ ಇದ್ದರು ಎಂಬುದನ್ನು ಶಿಬಿರದ ಹುಡುಗರಿಗೆ ಹೇಳಿ. ಅನೇಕ ಕಡೆ ಕೋಣೆ ಪೂರ್ತಿ ನೆಲದೊಳಗೇ ಇದ್ದು ಮುಚ್ಚಳದ ಬೆನ್ನು ಮಾತ್ರ ಹೊರಗೆ ಕಾಣುತ್ತದೆ, ಅಥವಾ ಅದೂ ಕಾಣುವುದಿಲ್ಲ.

ಆ ಮಡಕೆ ಚೂರನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಹೊರಮೈಯ ಕೆಳಭಾಗ ಕೆಂಪು. ಕಂಠದ ಕಡೆ ಬರುತ್ತಾ ಕಪ್ಪಾಗುತ್ತದೆ, ಒಳಮೈ ಪೂರ್ತಿ ಕಪ್ಪು. ಇದು ಎರಡು ಬಣ್ಣ ಬಳಿದದ್ದಲ್ಲ. ಮಡಕೆಯನ್ನು ಬೋರಲಾಗಿ ಇಟ್ಟು ಸುಟ್ಟಾಗ ಗಾಳಿ ತಾಗಿದ ಭಾಗ ಕೆಂಪಾಗುತ್ತದೆ, ಗಾಳಿಯಿಲ್ಲದೆ ಹೊಗೆಯಲ್ಲಿ ಕೂತ ಬಾಯಿ ಮತ್ತು ಒಡಲು ಕಪ್ಪಾಗುತ್ತವೆ. ಅಂಚಿನ ಮೇಲೆ ಬೆರಳಾಡಿಸಿದರೆ ಬೆಣ್ಣೆಯಂಥ ನುಣುಪು. ಅಷ್ಟು ಹೊತ್ತು ಕೂತು ಉಜ್ಜಿ ಹೊಳಪು ಕೊಟ್ಟದ್ದು ಅಡುಗೆಗಲ್ಲ, ಸತ್ತವರ ಜೊತೆಗಿಡಲು. ನಾನು ಮೊದಲ ಬಾರಿಗೆ ಅಂಥದ್ದೊಂದು ಚೂರು ಹಿಡಿದಾಗ ಹಿರಿಯರೊಬ್ಬರು, ‘ಇದನ್ನು ಉಜ್ಜಿದ ಕೈಯ ಬಿಸಿ ಇನ್ನೂ ಇದೆಯೋ ನೋಡು’ ಎಂದಿದ್ದರು. ಈಗಲೂ ಚೂರು ಕೈಗೆ ಬಂದಾಗಲೆಲ್ಲ ಆ ಮಾತು ನೆನಪಾಗುತ್ತದೆ.

ಆದರೆ ಚೂರಿಗಿಂತ ದೊಡ್ಡದು ಅದು ಕೂತಿದ್ದ ಜಾಗ. ಇದನ್ನು ಸೈನಿಕರಿಗೆ ತಿಳಿಸುವುದು ಸುಲಭ. ಸ್ಫೋಟವಾದ ಜಾಗದಲ್ಲಿ ತನಿಖೆಯವರು ಬರುವ ಮೊದಲು ಯಾರೋ ಬಂದು ಚೂರುಗಳನ್ನೆಲ್ಲ ಬಾಚಿ ಒಂದು ಬುಟ್ಟಿಗೆ ಹಾಕಿದರೆ ಆ ಬುಟ್ಟಿ ಯಾರಿಗೆ ಬೇಕು? ಮಡಕೆ ಮೂಳೆಯ ತಲೆಯ ಬಳಿ ಇತ್ತೋ ಕಾಲಿನ ಬಳಿ ಇತ್ತೋ, ಬಾಣದ ಮೊನೆ ಚಪ್ಪಡಿಯ ಒಳಗಿತ್ತೋ ಹೊರಗಿತ್ತೋ, ಮಣ್ಣು ಒಂದೇ ಸಲ ತುಂಬಿದ್ದೋ ಎರಡು ಸಲ ತೆರೆದು ಮುಚ್ಚಿದ್ದೋ, ಇವುಗಳಿಂದಲೇ ಆ ಜನರ ಬದುಕು ತಿಳಿಯುವುದು. ಅವರು ಒಂದು ಅಕ್ಷರವನ್ನೂ ಬರೆದಿಡಲಿಲ್ಲ. ಮಣ್ಣಿನ ಪದರವೇ ಅವರ ಬರಹ, ಗುದ್ದಲಿ ಬಿದ್ದ ಕಡೆ ಆ ಬರಹ ಅಳಿಯುತ್ತದೆ. ಚೂರನ್ನು ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿ ಪುಣ್ಯ ಕಟ್ಟಿಕೊಂಡೆವು ಎನ್ನುವವರನ್ನು ನಾನು ಬಹಳ ನೋಡಿದ್ದೇನೆ. ಮನಸ್ಸು ಒಳ್ಳೆಯದೇ, ಕೆಲಸ ಮಾತ್ರ ತಲೆಕೆಳಗು.

ಇನ್ನು ಕಡಂಗ. ನಿಮ್ಮ ಪತ್ರದಲ್ಲಿ ಅದು ಅರ್ಧ ಸಾಲಿನಲ್ಲಿ ಬಂದುಹೋಗಿದೆ, ನನಗೆ ಮಾತ್ರ ಅಲ್ಲೇ ಕಣ್ಣು ನಿಂತಿತು. ಕೊಡಗಿನವರಿಗೆ ಕಡಂಗ ಎಷ್ಟು ಪರಿಚಿತವೆಂದರೆ ಅದನ್ನು ಯಾರೂ ನೋಡುವುದೇ ಇಲ್ಲ. ಎಲ್ಲೋ ತೋಟದ ಬೇಲಿ, ಎಲ್ಲೋ ದನ ಹೋಗುವ ದಾರಿ, ಎಲ್ಲೋ ಕಸ ಸುರಿಯುವ ಹಳ್ಳ. ನಿಜವಾಗಿ ಅದು ಯುದ್ಧದ ಕಂದಕ. ಅಗೆದ ಮಣ್ಣನ್ನು ಒಂದು ಬದಿಗೆ ಏರಿಯಾಗಿ ಒಟ್ಟಿ, ಗುಡ್ಡ, ಕಾಡು, ಬಯಲು ಎನ್ನದೆ ಮೈಲಿಗಟ್ಟಲೆ ಎಳೆದದ್ದು. ಕೆಲವು ಕವಲೊಡೆಯುತ್ತವೆ, ಕೆಲವು ಗುಡ್ಡದ ನೆತ್ತಿಯನ್ನು ಸುತ್ತುತ್ತವೆ. ಕೆಲವೆಡೆ 40 ಅಡಿ ಆಳವಿತ್ತೆಂದು ಬ್ರಿಟಿಷರ ಕಾಲದ ದಾಖಲೆ ಹೇಳುತ್ತದೆ. ಹಳೆಯ ದಾನಶಾಸನಗಳಲ್ಲಿ ಕಡಂಗಗಳು ಗಡಿಯ ಗುರುತಾಗಿ ಬರುತ್ತವೆ. ಅಂದರೆ ಶಾಸನ ಬರೆಯುವ ಹೊತ್ತಿಗೇ ಅವು ಎಲ್ಲರಿಗೂ ಗೊತ್ತಿದ್ದ ಹಳೆಯ ಗುರುತುಗಳು. 888ರ ಬಿಳಿಯೂರು ಶಾಸನದಲ್ಲಿ ಗಂಗದೊರೆ ದಾನ ಕೊಟ್ಟ ಜಿನಾಲಯ ಇದ್ದ ಊರು ಪೆನ್ನೆಗಡಂಗ. ಆ ಹೆಸರಿನೊಳಗೆ ಕೂತಿರುವುದು ಇದೇ ಕಡಂಗ ಎಂಬುದು ನನ್ನ ಓದು. ಕೊಡಗಿನ ಶಾಸನಗಳನ್ನು ಬಿ.ಎಲ್. ರೈಸ್ ಅವರು 1886ರಲ್ಲೇ ಅಚ್ಚು ಹಾಕಿಸಿದರು. ಇಷ್ಟಾದರೂ ಕಡಂಗಗಳ ಪೂರ್ತಿ ನಕ್ಷೆಯೊಂದು ಕೊಡಗಿನ ಪ್ರತಿ ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಇರಬೇಕಾಗಿತ್ತು ಎಂದು ನನಗೆ ಅನ್ನಿಸುತ್ತಲೇ ಇರುತ್ತದೆ.

ಈಗ ಯೋಚಿಸಿ. ಸಾವಿರ ವರ್ಷಕ್ಕೂ ಹಿಂದೆ ಈ ಗುಡ್ಡದ ಮೇಲೆ ನಿಂತ ಯಾರೋ ಒಬ್ಬ, ಶತ್ರು ಯಾವ ಕಣಿವೆಯಿಂದ ಏರಿ ಬರಬಹುದು ಎಂದು ಲೆಕ್ಕ ಹಾಕಿ ಇಲ್ಲಿಂದ ಇಲ್ಲಿಗೆ ತೋಡಿ ಎಂದು ಕೈ ತೋರಿಸಿದ. ನಿಮ್ಮ ಶಿಬಿರದ ಉಸ್ತಾದರು ಹುಡುಗರಿಗೆ ಮೋರ್ಚಾ ಕಲಿಸಲು ಅದೇ ಜಾಗವನ್ನು ಆರಿಸಿದ್ದು ಕಾಕತಾಳೀಯವಲ್ಲ. ಒಳ್ಳೆಯ ನೆಲ ಸೈನಿಕನ ಕಣ್ಣಿಗೆ ಎಲ್ಲ ಕಾಲದಲ್ಲೂ ಒಂದೇ ಥರ ಕಾಣುತ್ತದೆ. ತರಬೇತಿ ಮೈದಾನಗಳಲ್ಲಿ ಪುರಾತನ ಕುರುಹುಗಳು ಮೇಲಿಂದ ಮೇಲೆ ಸಿಗುವುದಕ್ಕೆ ಇದೂ ಒಂದು ಕಾರಣ. ಎತ್ತರ, ನೀರಿನ ಸಮೀಪ, ನಾಲ್ಕೂ ಕಡೆ ನೋಟ, ಇವು ಹಿಂದಿನವರಿಗೂ ಬೇಕಿದ್ದವು, ಇಂದಿನವರಿಗೂ ಬೇಕು.

ಕೊಡಗಿನಲ್ಲಂತೂ ನೆಲಕ್ಕೂ ಸೈನ್ಯಕ್ಕೂ ಇರುವ ನಂಟು ಇನ್ನೂ ಆಳದ್ದು. ಜಮ್ಮಾ ಭೂಮಿ ಎಂದರೇನು? ಅರಸನು ಕರೆದಾಗ ಆಯುಧ ಹಿಡಿದು ಬರುತ್ತೇನೆ ಎಂಬ ಮಾತಿಗೆ ಪ್ರತಿಯಾಗಿ ಕಡಿಮೆ ಕಂದಾಯಕ್ಕೆ ವಂಶಪಾರಂಪರ್ಯವಾಗಿ ಸಿಕ್ಕ ನೆಲ. ಕೈಲ್‌ಪೊಳ್ದಿನ ದಿನ ಕೋವಿಗೂ ಒಡಿಕತ್ತಿಗೂ ಪೂಜೆ. ಕಾರ್ಯಪ್ಪನವರೂ ತಿಮ್ಮಯ್ಯನವರೂ ಹುಟ್ಟಿದ ಮಣ್ಣು. ಮಡಿಕೇರಿಯಲ್ಲಿ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ ಈಗ ವಸ್ತುಸಂಗ್ರಹಾಲಯ, 2021ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ಅದನ್ನು ನೋಡಲು ಸಾಲುಗಟ್ಟಿ ಹೋಗುವ ನಾವು, ಊರ ಹಿಂದಿನ ಕಡಂಗವನ್ನೂ ಬೇಲಿಯಾಚೆ ಒರಗಿದ ಕೊಲೆಕಲ್ಲನ್ನೂ ಸೈನಿಕ ಪರಂಪರೆಯ ಲೆಕ್ಕಕ್ಕೆ ಸೇರಿಸುವುದಿಲ್ಲ. ವೀರಗಲ್ಲಿಗೆ ಕೊಡಗಿನಲ್ಲಿ ಕೊಲೆಕಲ್ಲು ಎನ್ನುತ್ತಾರೆ ಎಂಬುದೇ ಎಷ್ಟೋ ಹುಡುಗರಿಗೆ ಗೊತ್ತಿಲ್ಲ. ಅದು ಕಾದಾಡಿ ಸತ್ತವನ ಗುರುತು. ಅದೂ ಒಂದು ಯೋಧ ಸ್ಮಾರಕವೇ.

ತರಬೇತಿ ನಿಲ್ಲಿಸಬೇಕೇ ಎಂದು ಕೇಳಿದ್ದೀರಿ. ಬೇಡ. ನನ್ನ ಕಸುಬಿನವರೇ ಕೆಲವರು ಇದನ್ನು ಒಪ್ಪಲಿಕ್ಕಿಲ್ಲ, ಆದರೆ ಸೈನ್ಯದ ಕೈಯಲ್ಲಿರುವ ನೆಲ ಪುರಾತತ್ತ್ವಕ್ಕೆ ಶಾಪ ಎಂಬುದು ತಪ್ಪು ತಿಳಿವಳಿಕೆ. ಅನೇಕ ಸಲ ಅದೇ ವರ.

ಇಂಗ್ಲೆಂಡಿನ ಸಾಲ್ಸ್‌ಬರಿ ಬಯಲನ್ನೇ ನೋಡಿ. ಅಲ್ಲಿ ಸೇನೆ 1897ರಿಂದ ಭೂಮಿ ಕೊಳ್ಳುತ್ತಾ ಬಂತು, ಈಗ ತರಬೇತಿ ಪ್ರದೇಶ ಸುಮಾರು 38,000 ಹೆಕ್ಟೇರ್. ಅದರೊಳಗೆ 2,300ರಷ್ಟು ಪುರಾತತ್ತ್ವ ನೆಲೆಗಳಿವೆ, ಐನೂರಕ್ಕೂ ಹೆಚ್ಚು ಕಾನೂನಿನ ರಕ್ಷಣೆ ಪಡೆದವು. ಸುತ್ತಲಿನ ಹೊಲಗಳಲ್ಲಿ ಟ್ರಾಕ್ಟರಿನ ನೇಗಿಲು ನೂರು ವರ್ಷ ಓಡಾಡಿ ಸಮಾಧಿ ದಿಬ್ಬಗಳನ್ನು ಸವೆಸಿ ನೆಲಸಮ ಮಾಡಿತು. ಸೇನೆಯ ಬೇಲಿಯೊಳಗೆ ನೇಗಿಲು ಬೀಳಲಿಲ್ಲ, ಬಡಾವಣೆ ಏಳಲಿಲ್ಲ, ದಿಬ್ಬಗಳು ಉಳಿದವು. ತೋಪಿನ ಗುಂಡು ಬಿದ್ದೂ ಉಳಿದವು. ಟ್ಯಾಂಕುಗಳು ಮನಬಂದಂತೆ ಓಡದ ಹಾಗೆ ಗಟ್ಟಿ ದಾರಿಗಳನ್ನು ಮಾಡಿದರು, ನೆಲೆಗಳ ಸುತ್ತ ‘ಇಲ್ಲಿ ಅಗೆಯಬಾರದು’ ಎಂಬ ಗುರುತು ನೆಟ್ಟರು. ಆ ಬಯಲಿನಲ್ಲಿ ಬ್ಯಾರೋ ಕ್ಲಂಪ್ ಎಂಬ ಒಂದು ದಿಬ್ಬವಿದೆ. ಅದಕ್ಕೆ ಕಂಟಕವಾದದ್ದು ಸೈನಿಕರಲ್ಲ, ಬಿಲ ತೋಡುವ ಬ್ಯಾಡ್ಜರ್ ಎಂಬ ಪ್ರಾಣಿ. ನಮ್ಮಲ್ಲಿ ಮುಳ್ಳುಹಂದಿ ಮಾಡುವ ಕೆಲಸ ಅಲ್ಲಿ ಅದು ಮಾಡುತ್ತಿತ್ತು, ಸತ್ತವರ ಮೂಳೆಯನ್ನು ಮೇಲಕ್ಕೆ ಎಳೆದು ಹಾಕುತ್ತಿತ್ತು. ಅದನ್ನು ಶಾಸ್ತ್ರೀಯವಾಗಿ ಅಗೆಯಲು ಬಂದವರಲ್ಲಿ ಅಫ್ಘಾನಿಸ್ತಾನದಲ್ಲಿ ಗಾಯಗೊಂಡು, ಮನಸ್ಸು ಕೆಟ್ಟು ಮರಳಿದ್ದ ಸೈನಿಕರು ಇದ್ದರು. ‘ಆಪರೇಷನ್ ನೈಟಿಂಗೇಲ್’ ಎಂದು ಆ ಕಾರ್ಯಕ್ರಮದ ಹೆಸರು. ಸದ್ದಿಲ್ಲದ ಕೆಲಸ, ಮೊಣಕಾಲೂರಿ ಇಂಚಿಂಚು ಮಣ್ಣು ಕೆರೆಯುವುದು, ಸಾವಿರದೈನೂರು ವರ್ಷದ ಹಿಂದಿನ ಮನುಷ್ಯರನ್ನು ಗೌರವದಿಂದ ಬೆಳಕಿಗೆ ತರುವುದು. ನೆಲ ಓದುವ ಅಭ್ಯಾಸವಿದ್ದ ಸೈನಿಕರಿಗೆ ಮಣ್ಣಿನ ಬಣ್ಣದ ವ್ಯತ್ಯಾಸ ಬೇಗ ಕಾಣುತ್ತದೆ. ಇದನ್ನು ನಾನು ನಂಬುತ್ತೇನೆ, ಏಕೆಂದರೆ ನಮ್ಮಲ್ಲೂ ನನಗೆ ಒಳ್ಳೆಯ ನೆಲೆಗಳನ್ನು ತೋರಿಸಿದವರಲ್ಲಿ ನಿವೃತ್ತ ಸೈನಿಕರು ಅನೇಕರು.

ಅಮೆರಿಕದ ಫೋರ್ಟ್ ಡ್ರಮ್ ಇನ್ನೊಂದು ಬಗೆ. 1941ರಲ್ಲಿ ನೆಲೆಯನ್ನು ಹಿಗ್ಗಿಸುವಾಗ ಸ್ಟರ್ಲಿಂಗ್‌ವಿಲ್ ಎಂಬ ಹಳ್ಳಿಯನ್ನು ಎಬ್ಬಿಸಿದರು. ಆ ಹಳ್ಳಿಯ ಅಡಿಪಾಯಗಳು ಈಗ ಪುರಾತತ್ತ್ವ ನೆಲೆ. ಅವುಗಳ ಮೇಲೆ ನೀರು ಬಸಿಯುವ ಗಟ್ಟಿ ಬಟ್ಟೆ ಹಾಸಿ, ಮರಳು, ಜಲ್ಲಿ ಹರಡಿ, ಆ ಜಾಗದಲ್ಲೇ ಸೈನಿಕರು ತರಬೇತಿ ಮಾಡುವಂತೆ ವ್ಯವಸ್ಥೆ ಮಾಡಿದರು. ಕೆಳಗಿನದೂ ಉಳಿಯಿತು, ಮೇಲಿನ ಕೆಲಸವೂ ನಡೆಯಿತು. ಅಲ್ಲಿನ ಪುರಾತತ್ತ್ವಜ್ಞೆ ಲಾರಿ ರಶ್ ಅವರ ಮುಂದಾಳತ್ವದಲ್ಲಿ 2007ರಲ್ಲಿ ಇರಾಕ್, ಅಫ್ಘಾನಿಸ್ತಾನಕ್ಕೆ ಹೋಗುವ ಸೈನಿಕರಿಗೆ ಹಂಚಲು ಇಸ್ಪೀಟು ಎಲೆಗಳನ್ನೇ ಮಾಡಿಸಿದರು. ಪ್ರತಿ ಎಲೆಯ ಮೇಲೂ ಒಂದು ಪುರಾತನ ವಸ್ತು ಅಥವಾ ನೆಲೆ, ಒಂದು ಎಚ್ಚರಿಕೆಯ ಮಾತು. ಬ್ಯಾರಕ್ಕಿನಲ್ಲಿ ಸಂಜೆ ಹೊತ್ತು ಏನು ನಡೆಯುತ್ತದೆ ಎಂದು ಬಲ್ಲವರು ಮಾಡಿದ ಕೆಲಸ ಅದು.

ಈ ಎಚ್ಚರ ಬರಲು ಕಾರಣವಾದದ್ದು ಒಂದು ಕೆಟ್ಟ ಪಾಠ. 2003ರಲ್ಲಿ ಇರಾಕಿನ ಬ್ಯಾಬಿಲೋನ್ ಅವಶೇಷಗಳ ನಡುವೆಯೇ ಅಮೆರಿಕದ, ಆಮೇಲೆ ಪೋಲೆಂಡಿನ ಪಡೆಗಳು ಬೀಡುಬಿಟ್ಟವು. ಕಾವಲಿಗಾಗಿ ನಿಂತವರು ಎಂಬುದು ನಿಜ. ಆದರೆ ಹೆಲಿಕಾಪ್ಟರ್ ಇಳಿಯಲು ನೆಲ ಸಮ ಮಾಡಿದರು, ಕಂದಕ ತೋಡಿದರು, 2,600 ವರ್ಷ ಹಳೆಯ ಇಟ್ಟಿಗೆ ಹಾಸಿನ ಮೇಲೆ ಭಾರಿ ವಾಹನ ಓಡಿಸಿದರು. ಎಲ್ಲಕ್ಕಿಂತ ನನಗೆ ನೋವು ಕೊಟ್ಟದ್ದು ಮರಳ ಚೀಲದ ಸಂಗತಿ. ಚೀಲ ತುಂಬಲು ಅಲ್ಲಿನ ಮಣ್ಣನ್ನೇ ಬಾಚಿದರು, ಅದರಲ್ಲಿ ಮಡಕೆ ಚೂರು, ಮೂಳೆ ಎಲ್ಲ ಬೆರೆತಿತ್ತು. ಯಾರೂ ದ್ವೇಷದಿಂದ ಮಾಡಲಿಲ್ಲ. ಚೀಲ ತುಂಬು ಎಂದರು, ಹತ್ತಿರದ ಮಣ್ಣು ತುಂಬಿದರು. ಬ್ರಿಟಿಷ್ ಮ್ಯೂಸಿಯಮ್ಮಿನ ಜಾನ್ ಕರ್ಟಿಸ್ ಅವರು ಹೋಗಿ ನೋಡಿ ಕೊಟ್ಟ ವರದಿಯಿಂದ ಇದೆಲ್ಲ ಲೋಕಕ್ಕೆ ತಿಳಿಯಿತು. ನಿಮ್ಮ ಶಿಬಿರದಲ್ಲೂ ಮರಳ ಚೀಲ ತುಂಬುವುದುಂಟಷ್ಟೇ. ಮಣ್ಣು ಎಲ್ಲಿಂದ ಬರುತ್ತದೆ ಎಂದು ಒಮ್ಮೆ ವಿಚಾರಿಸಿ.

ನಮ್ಮ ದೇಶದಲ್ಲಿ ರಕ್ಷಣಾ ಇಲಾಖೆಯ ಕೈಯಲ್ಲಿ ಸುಮಾರು 18 ಲಕ್ಷ ಎಕರೆ ನೆಲವಿದೆ. ಅದರಲ್ಲಿ ದಂಡುಪ್ರದೇಶಗಳೊಳಗೆ ಇರುವುದು 1.61 ಲಕ್ಷ ಎಕರೆ ಮಾತ್ರ, ಮಿಕ್ಕದ್ದು ಹೊರಗೆ ಚದುರಿದೆ. ಇಷ್ಟು ನೆಲದಲ್ಲಿ ಹಳೆಯದು ಇಲ್ಲದಿರಲು ಸಾಧ್ಯವೇ ಇಲ್ಲ. ದೆಹಲಿಯ ಕೆಂಪುಕೋಟೆಯಲ್ಲಿ 1857ರ ನಂತರ ಬ್ರಿಟಿಷ್ ಸೇನೆ ಕೂತು ಒಳಗಿನ ಕಟ್ಟಡಗಳಲ್ಲಿ ಬಹುಪಾಲನ್ನು ಕೆಡವಿತು. ಸ್ವತಂತ್ರ ಭಾರತದ ಸೇನೆ ಅದನ್ನು ಪುರಾತತ್ತ್ವ ಸರ್ವೇಕ್ಷಣೆಗೆ ಬಿಟ್ಟುಕೊಟ್ಟದ್ದು 2003ರಲ್ಲಿ. ನಮ್ಮ ರಾಜ್ಯದಲ್ಲೇ ಬೆಳಗಾವಿ ಕೋಟೆಯೊಳಗೆ ಸೇನೆಯ ವಾಸವಿದೆ. ಅದರ ನಡುವೆ ರಟ್ಟರ ಕಾಲದ, 1204ರ ಕಮಲ ಬಸದಿ ನಿಂತಿದೆ, ಜನ ಹೋಗಿ ನೋಡಿ ಬರುತ್ತಾರೆ. ಮಡಿಕೇರಿ ಕೋಟೆಯದಂತೂ ನಿಮಗೆ ಗೊತ್ತಿರುವ ಕತೆ. ಮುದ್ದುರಾಜ ಮಣ್ಣಿನಲ್ಲಿ ಕಟ್ಟಿದ್ದನ್ನು ಟಿಪ್ಪು ಕಲ್ಲಿನಲ್ಲಿ ಕಟ್ಟಿಸಿದ, ಲಿಂಗರಾಜ ಅರಮನೆ ಎಬ್ಬಿಸಿದ, 1834ರಲ್ಲಿ ಬ್ರಿಟಿಷರ ವಶವಾಯಿತು. ಅವರು ಒಳಗಿದ್ದ ವೀರಭದ್ರನ ಗುಡಿ ತೆಗೆಸಿ 1855ರಲ್ಲಿ ಚರ್ಚು ಕಟ್ಟಿದರು. ಅದೇ ಚರ್ಚಿನಲ್ಲಿ ಈಗ ಸರ್ಕಾರಿ ವಸ್ತುಸಂಗ್ರಹಾಲಯ. ಸೈನ್ಯದ ನೆಲ ಎಂದರೆ ಹೀಗೆ ಪದರ ಪದರ.

ದೊಡ್ಡ ಕೋಟೆಗಳಿಗೆ ಕೇಳುವವರು ಇರುತ್ತಾರೆ. ನನ್ನ ಚಿಂತೆ ಸಣ್ಣದರ ಬಗ್ಗೆ. ಶಿಬಿರದ ಜಾಗದಲ್ಲಿ ಹಾನಿ ಮಾಡುವುದು ಗುಂಡಲ್ಲ. ಶೌಚದ ಗುಂಡಿ, ಕಸದ ಗುಂಡಿ, ಡೇರೆಯ ಸುತ್ತ ನೀರು ಹೋಗಲು ತೋಡುವ ಕಾಲುವೆ, ಮೂರು ಕಲ್ಲಿನ ಒಲೆ. ಹಳೆಯ ಚಪ್ಪಡಿಯ ಪಕ್ಕ ಬೆಂಕಿ ಹಾಕಿದರೆ ಕಗ್ಗಲ್ಲು ಕೂಡ ಕಾಯ್ದು ಪದರ ಪದರವಾಗಿ ಸಿಡಿಯುತ್ತದೆ.

ಇನ್ನೊಂದು, ಸುಣ್ಣ ಮತ್ತು ಗೇರು, ಅಂದರೆ ಕೆಮ್ಮಣ್ಣಿನ ಬಣ್ಣ. ನೀವು ಸೈನ್ಯದಲ್ಲಿದ್ದವರು, ದೊಡ್ಡ ಸಾಹೇಬರು ಬರುತ್ತಾರೆಂದರೆ ದಾರಿಯ ಕಲ್ಲುಗಳಿಗೆಲ್ಲ ಏನಾಗುತ್ತದೆ ಎಂದು ಬಲ್ಲಿರಿ. ಬಯಲುಸೀಮೆಯ ಒಂದು ತರಬೇತಿ ಮೈದಾನದ ಬಾಗಿಲಲ್ಲಿ ನಾನೊಂದು ವೀರಗಲ್ಲು ನೋಡಿದೆ. ಎಲ್ಲಿಂದಲೋ ಎತ್ತಿ ತಂದು ಅಂದಕ್ಕೆಂದು ನಿಲ್ಲಿಸಿದ್ದರು. ಕೆಳಗರ್ಧ ಗೇರು, ಮೇಲರ್ಧ ಸುಣ್ಣ, ವರ್ಷ ವರ್ಷ ಬಳಿದು ಬಳಿದು ವೀರನ ಮುಖ ಮೊಟ್ಟೆಯಂತಾಗಿತ್ತು. ಕಾವಲಿನ ಜವಾನನೊಬ್ಬ, ‘ಸಾರ್, ಇದರಲ್ಲಿ ಬರಹ ಇದೆ ಅನ್ನಿಸುತ್ತದೆ, ಬಳಿಯುವಾಗ ಕುಂಚ ತಡೆಯುತ್ತದೆ’ ಎಂದ. ಕತ್ತಲಾಗುವವರೆಗೆ ಕಾದು, ಟಾರ್ಚನ್ನು ಕಲ್ಲಿನ ಮೈಗೆ ಒರಗಿಸಿ ಓರೆಯಾಗಿ ಬೆಳಕು ಬಿಟ್ಟೆವು. ಹಗಲು ಬರಿಯ ಬಿಳುಪಾಗಿದ್ದ ಜಾಗದಲ್ಲಿ ನೆರಳು ಹುಟ್ಟಿ ಮೂರು ಸಾಲು ಹಳಗನ್ನಡದ ಅಕ್ಷರಗಳ ಏರಿಳಿತ ಎದ್ದು ಬಂತು. ಓದಲು ಸಿಕ್ಕಿದ್ದು ಅಲ್ಲೊಂದು ಇಲ್ಲೊಂದು ಅಕ್ಷರ. ಆ ಹುಡುಗನ ಮುಖದಲ್ಲಿ ಆಗ ಮೂಡಿದ ಬೆರಗು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಆ ವೀರ ಯಾವ ಊರಿಗಾಗಿ ಸತ್ತ ಎಂಬುದು ಹೋಯಿತು. ಕಲ್ಲನ್ನು ಕಿತ್ತು ತಂದಾಗಲೇ ಅರ್ಧ ಹೋಗಿತ್ತು, ಸುಣ್ಣದಲ್ಲಿ ಉಳಿದರ್ಧ ಹೋಯಿತು. ನಿಮ್ಮ ಊರಿನಲ್ಲಿ ಕೊಲೆಕಲ್ಲು ಇದ್ದರೆ ಈಗಲೇ ಟಾರ್ಚು ಹಿಡಿದು ಚಿತ್ರ ತೆಗೆದಿಡಿ. ಸುಣ್ಣ ಮೆತ್ತಿದ್ದರೆ ತಂತಿ ಬ್ರಷ್ಷು, ಆಮ್ಲ, ಹಾರೆಯ ತುದಿ ಯಾವುದೂ ಬೇಡ, ಅದನ್ನು ತೆಗೆಯುವುದು ರಸಾಯನ ತಿಳಿದವರ ಕೆಲಸ. ಅಕ್ಷರ ಕಾಣಲಿ ಎಂದು ಸೀಮೆಸುಣ್ಣ ತುಂಬುವುದೂ ಬೇಡ.

ಕಾನೂನಿನ ಮಾತು ಚಿಕ್ಕದಾಗಿ ಹೇಳುತ್ತೇನೆ. ಕೇಂದ್ರದ 1958ರ ಕಾಯಿದೆ, ರಾಜ್ಯದ 1961ರ ಕಾಯಿದೆ, ಎರಡೂ ಘೋಷಿತ ಸ್ಮಾರಕಗಳನ್ನು ಕಾಯುತ್ತವೆ. ಕೇಂದ್ರ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ ಎಂದು 2010ರ ತಿದ್ದುಪಡಿ ಹೇಳುತ್ತದೆ. ಘೋಷಣೆಯಾಗದ ಪಾಂಡುಪಾರೆಗೆ, ಕಡಂಗಕ್ಕೆ ಆ ಬೇಲಿ ಸಿಗುವುದಿಲ್ಲ. ಆದರೆ ನೆಲದೊಳಗೆ ಸಿಕ್ಕ ಬೆಲೆಯುಳ್ಳ ವಸ್ತುವನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕೆಂಬ ನಿಧಿ ಕಾನೂನು ರಾಜ್ಯದಲ್ಲಿ 1962ರಿಂದ ಇದೆ. ನೂರು ವರ್ಷ ದಾಟಿದ ವಸ್ತುಗಳ ಮಾರಾಟಕ್ಕೆ 1972ರ ಕಾಯಿದೆಯ ಕಡಿವಾಣವಿದೆ. ಸೈನಿಕ ಅಭ್ಯಾಸಕ್ಕೆ ಬೇರೆಯವರ ನೆಲ ಬಳಸುವ ಬಗ್ಗೆ 1938ರಲ್ಲೇ ಆದ ಕಾಯಿದೆಯಲ್ಲಿ ಮೊದಲೇ ಪ್ರಕಟಣೆ ಹೊರಡಿಸಬೇಕು, ಹಾನಿಗೆ ಪರಿಹಾರ ಕೊಡಬೇಕು ಎಂದಿದೆ. ಯುದ್ಧದಲ್ಲಿ ಸಾಂಸ್ಕೃತಿಕ ಆಸ್ತಿ ಕಾಪಾಡುವ 1954ರ ಹೇಗ್ ಒಪ್ಪಂದವನ್ನು ಭಾರತ 1958ರಲ್ಲಿ ಒಪ್ಪಿತು. ಶಾಂತಿಕಾಲದಲ್ಲೇ ಸೈನಿಕರಿಗೆ ಇದರ ಅರಿವು ಮೂಡಿಸಬೇಕು ಎಂದು ಆ ಒಪ್ಪಂದದ ಏಳನೆಯ ವಿಧಿ ಹೇಳುತ್ತದೆ. ಶಿಬಿರದ ಮುಖ್ಯಸ್ಥರ ಮುಂದೆ ನಾನಾದರೆ ಈ ಕೊನೆಯದನ್ನೇ ಮೊದಲು ಇಡುತ್ತೇನೆ. ಕಾನೂನು ತೋರಿಸಿ ಹೆದರಿಸುವುದಕ್ಕಿಂತ, ಇದು ನಿಮ್ಮ ಪಠ್ಯದಲ್ಲೇ ಇರಬೇಕಾದದ್ದು ಎಂದು ಹೇಳುವುದು ಸಮವಸ್ತ್ರದವರಿಗೆ ನಾಟುತ್ತದೆ.

ಅವರಿಗೆ ಏನು ಹೇಳಬೇಕು? ಕಡಂಗದ ಏರಿಯನ್ನೂ ಹಳ್ಳವನ್ನೂ ಕಡಿಯಬೇಡಿ, ಅದರ ಮೇಲೆ ಜೀಪು ಹತ್ತಿಸಬೇಡಿ, ಈಗಿರುವ ದಾರಿಯಲ್ಲೇ ಓಡಿಸಿ. ಚಪ್ಪಡಿ ಸಿಕ್ಕ ಜಾಗದಿಂದ ಐವತ್ತು ಹೆಜ್ಜೆಯಾದರೂ ದೂರಕ್ಕೆ ಮೋರ್ಚಾಗಳನ್ನು ಸರಿಸಿ, ಏಕೆಂದರೆ ಪಾಂಡುಪಾರೆ ಒಂಟಿಯಾಗಿ ಇರುವುದು ಕಡಿಮೆ, ಗುಂಪಾಗಿಯೇ ಇರುತ್ತವೆ. ಶೌಚದ ಗುಂಡಿ, ಒಲೆ ಎಲ್ಲವೂ ಇಳಿಜಾರಿನ ಆ ಕಡೆಗೆ ಹೋಗಲಿ. ಗುರುತಿಗೆ ನಾಲ್ಕು ಬಿದಿರ ಗೂಟ, ಒಂದು ಹಗ್ಗ ಸಾಕು. ‘ಇಲ್ಲಿ ಗೋರಿ ಇದೆ’ ಎಂದು ಫಲಕ ಮಾತ್ರ ಹಾಕಬೇಡಿ, ನಿಧಿ ಹುಡುಕುವವರು ರಾತ್ರಿಯೇ ಬರುತ್ತಾರೆ. ನಕ್ಷೆಯ ಮೇಲೆ ಅದನ್ನು ‘ಮೈನ್ ಬಿತ್ತಿದ ಪ್ರದೇಶ, ಪ್ರವೇಶವಿಲ್ಲ’ ಎಂದು ಅಭ್ಯಾಸದ ಭಾಗವಾಗಿಯೇ ಸೇರಿಸಿಕೊಳ್ಳಲಿ. ಹುಡುಗರು ನಿಜವಾದ ಅಡೆತಡೆ ಸುತ್ತಿ ಸಾಗುವುದನ್ನು ಕಲಿಯುತ್ತಾರೆ, ನೆಲವೂ ಉಳಿಯುತ್ತದೆ. ಪಕ್ಕದಲ್ಲಿ ದೇವರಕಾಡು ಇದ್ದರೆ, ಯಾರದಾದರೂ ಕೈಮಡ (ಹಿರಿಯರ ಗುಡಿ) ಇದ್ದರೆ ಊರ ಮುಖ್ಯಸ್ಥರಾದ ತಕ್ಕರನ್ನು ಕೇಳದೆ ಒಳಗೆ ಕಾಲಿಡದಿರಲಿ. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ, ಅವು ಕಾಡು ಮಾತ್ರವಲ್ಲ, ಯಾರೂ ಅಗೆಯದೆ ಬಿಟ್ಟ ನೆಲ ಕೂಡ.

ಹೊರ ಜಿಲ್ಲೆಗಳಲ್ಲಿ ಫಿರಂಗಿ ಅಭ್ಯಾಸದ ಬಯಲಿನ ಪಕ್ಕ ಇರುವ ಓದುಗರಿಗೆ ಒಂದು ಮಾತು: ಅಂಥ ಕಡೆ ಹಳೆಯ ಕಲ್ಲು ಹುಡುಕಲು ನೀವಾಗಿ ಹೋಗಬೇಡಿ. ಸಿಡಿಯದ ಗುಂಡು ತುಕ್ಕು ಹಿಡಿದಷ್ಟೂ ಅಪಾಯ.

ಸುಬೇದಾರ್ ಸಾಹೇಬರೇ, ನೀವು ಮಾಡಬೇಕಾದ ಕಾಗದದ ಕೆಲಸ ಒಂದೇ. ಸರ್ವೆ ನಂಬರು, ಮೊಬೈಲಿನಲ್ಲಿ ಸಿಗುವ ಅಕ್ಷಾಂಶ-ರೇಖಾಂಶ, ಚಪ್ಪಡಿಯ ಅಳತೆ, ಕಂಡ ತಾರೀಖು, ಅಳತೆಗೆ ಗುದ್ದಲಿಯ ಕಾವನ್ನು ಪಕ್ಕದಲ್ಲಿಟ್ಟು ತೆಗೆದ ಎರಡು ಚಿತ್ರ, ಇಷ್ಟನ್ನು ಒಂದು ಪುಟದಲ್ಲಿ ಬರೆದು ಜಿಲ್ಲಾಧಿಕಾರಿಗಳಿಗೆ ಕೊಡಿ. ಒಂದು ಪ್ರತಿ ಮೈಸೂರಿನಲ್ಲಿರುವ ರಾಜ್ಯ ಪುರಾತತ್ತ್ವ ಇಲಾಖೆಗೆ, ಒಂದು ಮಡಿಕೇರಿ ಕೋಟೆಯ ವಸ್ತುಸಂಗ್ರಹಾಲಯಕ್ಕೆ, ಒಂದು ಗ್ರಾಮ ಪಂಚಾಯಿತಿಗೆ. ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಉತ್ತರ ಬರುವುದು ತಡವಾಗಬಹುದು, ಅಷ್ಟರಲ್ಲಿ ಮರಳಿನ ಹೊದಿಕೆ ಆ ಕಲ್ಲನ್ನು ಕಾಯುತ್ತದೆ.

ಕಡಂಗವನ್ನು ಮಾತ್ರ ಯಾರಿಗೂ ಕಾಯದೆ ನೀವೇ ಅಳೆಯಬಹುದು. ಕಾಫಿ ಕೊಯ್ಲು ಮುಗಿದು, ಹೂಮಳೆ ಬೀಳುವ ಮುನ್ನ, ಕುರುಚಲು ಒಣಗಿ ಬೋಳಾಗಿರುವಾಗ ಶಿಬಿರದ ಹುಡುಗರಲ್ಲಿ ನಾಲ್ವರನ್ನು ಕೇಳಿ ಪಡೆಯಿರಿ. ಸೂರ್ಯ ಹುಟ್ಟಿ ಅರ್ಧ ಗಂಟೆಯೊಳಗೆ ಎದುರಿನ ಗುಡ್ಡ ಹತ್ತಿ ನಿಲ್ಲಿ. ಓರೆ ಬಿಸಿಲಿಗೆ ಏರಿಯ ಒಂದು ಮಗ್ಗುಲು ಹೊಳೆದು ಇನ್ನೊಂದು ಮಗ್ಗುಲು ಕಪ್ಪಾಗುತ್ತದೆ, ಹಗಲೆಲ್ಲ ಕಾಣದ ಗೆರೆ ತೋಟ, ಗದ್ದೆ, ಕಾಡು ದಾಟಿ ಎಲ್ಲಿಗೆ ಹೋಗುತ್ತದೆ ಎಂಬುದು ಇಪ್ಪತ್ತು ನಿಮಿಷ ಸ್ಪಷ್ಟವಾಗಿ ಕಾಣುತ್ತದೆ. ಅಷ್ಟರೊಳಗೆ ಒಬ್ಬ ದಿಕ್ಸೂಚಿ ಹಿಡಿಯಲಿ, ಒಬ್ಬ ಬರೆದುಕೊಳ್ಳಲಿ, ಇಬ್ಬರು ಕೆಳಗೆ ಕಡಂಗದಲ್ಲೇ ಕೆಂಪು ಬಟ್ಟೆ ಹಿಡಿದು ನಡೆಯಲಿ. ಬರೆದದ್ದನ್ನು ನನಗೂ ಒಂದು ಪ್ರತಿ ಕಳುಹಿಸಿ.